ಹಿತ್ತಾಳೆಯ ಹೊಳಪು, ಹಿತ್ತಾಳೆಯ ಬಲ

ಆಯುಧಪೂಜೆಯ ಹಿಂದಿನ ದಿನ ನಮ್ಮ ಸೀಮೆಯ ಯಾವ ಊರಿಗೆ ಹೋದರೂ ಕಾಣುವ ನೋಟ ಒಂದೇ. ಕೂಡ್ಲಿಗಿಯಾಗಲಿ ಕೊಟ್ಟೂರಾಗಲಿ, ಹಗರಿಬೊಮ್ಮನಹಳ್ಳಿಯಾಗಲಿ ಹೂವಿನಹಡಗಲಿಯಾಗಲಿ ಹರಪನಹಳ್ಳಿಯಾಗಲಿ, ಹಿತ್ತಿಲ ಕಲ್ಲಿನ ಮೇಲೆ ಕೊಡ, ತಂಬಿಗೆ, ಹಂಡೆ, ದೀಪದ ಕಂಬಗಳು ಹುಣಿಸೆಹುಳಿಯಲ್ಲಿ ಮಿಂದು ಬಿಸಿಲು ಕಾಯುತ್ತಿರುತ್ತವೆ. ಅದೇ ಹೊತ್ತಿನಲ್ಲಿ ಪೊಲೀಸು ಠಾಣೆಯ ಬಂದೂಕುಗಳು ಎಣ್ಣೆಬಟ್ಟೆಯಿಂದ ಒರೆಸಿಕೊಂಡು ಹೂವು ಕುಂಕುಮಗಳಿಗೆ ಸಿದ್ಧವಾಗುತ್ತವೆ. ಅಡುಗೆಮನೆಯ ಹಿತ್ತಾಳೆಗೂ ಆಯುಧಶಾಲೆಯ ಹಿತ್ತಾಳೆಗೂ ಒಂದೇ ದಿನ ಮಜ್ಜನ ಮಾಡಿಸುವ ಹಬ್ಬ ನಮ್ಮದು.

ಆಯುಧಶಾಲೆಯಲ್ಲಿ ಹಿತ್ತಾಳೆ ಎಲ್ಲಿಂದ ಬಂತು ಎನ್ನುವಿರಾ? ಬಂದೂಕಿನ ತೋಟಾವನ್ನು ನೋಡಿದವರು ಬಲ್ಲರು. ಗುಂಡು, ಮದ್ದು, ಕಿಡಿ ಹೊತ್ತಿಸುವ ಕೇಪು, ಈ ಮೂರನ್ನೂ ಒಟ್ಟಾಗಿ ಹಿಡಿದಿರುವ ಪುಟ್ಟ ಕೊಳವೆ ಹಿತ್ತಾಳೆಯದು. ಗುಂಡು ಹಾರಿದ ಮೇಲೂ ಆ ಕೊಳವೆ ಉಳಿಯುತ್ತದೆ. ಅದನ್ನು ತೊಳೆದು, ಹೊಸ ಕೇಪು ಕೂರಿಸಿ, ಮದ್ದು ಗುಂಡು ತುಂಬಿ ಮತ್ತೆ ಬಳಸುವ ಪದ್ಧತಿ ನೂರೈವತ್ತು ವರ್ಷಗಳಷ್ಟು ಹಳೆಯದು. ಹಾಗಾದರೆ ಸುಟ್ಟ ತೋಟಾದ ಕೊಳವೆಯನ್ನು ತೊಳೆಯುವುದು ಹೇಗೆ? ನೀರಿನಲ್ಲೋ, ಹುಳಿಯಲ್ಲೋ, ಹೊಟ್ಟಿನಲ್ಲಿ ಉರುಳಿಸಿಯೋ, ಡಬ್ಬಿಯ ಪಾಲಿಷ್ ಹಚ್ಚಿಯೋ? ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಇದಕ್ಕೆ ತಪ್ಪು ಉತ್ತರ ಕಂಡುಕೊಂಡವರು ಬಂದೂಕು ಒಡೆಸಿಕೊಂಡದ್ದುಂಟು, ಕಣ್ಣು ಕಳೆದುಕೊಂಡದ್ದುಂಟು. ಸರಿಯಾದ ಉತ್ತರದ ಒಂದು ಮುಖ್ಯ ಭಾಗವನ್ನು ಲೋಕಕ್ಕೆ ಕಲಿಸಿದ್ದು ನಮ್ಮ ದೇಶದ ಮಳೆಗಾಲ. ಆ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ನಮ್ಮ ಸೀಮೆಗೆ ಕೋವಿ ಹೊಸದಲ್ಲ. ಹರಪನಹಳ್ಳಿಯ ನಾಯಕರು, ಕೂಡ್ಲಿಗಿಯ ಸುತ್ತಿನ ಜರಿಮಲೆ, ಗುಡೇಕೋಟೆಗಳ ಪಾಳೆಯಗಾರರು ಕೋಟೆ ಕಟ್ಟಿ ಆಳಿದ ನಾಡು ಇದು. ಆ ಕಾಲದ ಬತ್ತಿಕೋವಿಯಲ್ಲಿ ಹಿತ್ತಾಳೆಯ ತೋಟಾದ ಪ್ರಶ್ನೆಯೇ ಇರಲಿಲ್ಲ. ಪೆಟ್ಲುಪ್ಪು, ಗಂಧಕ, ಇದ್ದಿಲು ಕೂಡಿಸಿ ಅರೆದ ಕರಿಮದ್ದನ್ನು ಕೋವಿಯ ಬಾಯಿಂದ ಸುರಿದು, ಗುಂಡು ಹಾಕಿ, ಸಲಾಕೆಯಿಂದ ಗಿಡಿದು, ಬತ್ತಿಯ ಕಿಡಿ ಮುಟ್ಟಿಸುತ್ತಿದ್ದರು. ಹೊಡೆದಾದ ಮೇಲೆ ತೊಳೆಯಬೇಕಾದದ್ದು ಕೋವಿಯ ನಳಿಗೆಯೊಂದೇ. 1800ರಲ್ಲಿ ನಿಜಾಮನು ಈ ಪ್ರದೇಶವನ್ನು ಇಂಗ್ಲಿಷ್ ಕಂಪೆನಿಗೆ ಬಿಟ್ಟುಕೊಟ್ಟ. ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಪಾಳೆಯಗಾರರ ದಂಡುಗಳನ್ನು ಕರಗಿಸಿದ. ಬಳ್ಳಾರಿಯಲ್ಲಿ ಕಂಪೆನಿಯ ದಂಡು ನೆಲೆಯೂರಿತು. ಮದ್ದುಗುಂಡಿನ ಮುಂದಿನ ಬದಲಾವಣೆಗಳೆಲ್ಲ ನಮ್ಮ ಜನರ ಕಣ್ಣಿಗೆ ಬಿದ್ದದ್ದು ಇಂಥ ದಂಡಿನ ಮೂಲಕವೇ.

ಮೊದಲು ಬಂದದ್ದು ಕಾಗದದ ತೋಟಾ. 1857ರಲ್ಲಿ ಅದರ ಕೊಬ್ಬು ಸವರಿದ ಕಾಗದವನ್ನು ಹಲ್ಲಿನಿಂದ ಕಚ್ಚುವ ಮಾತಿನಿಂದಲೇ ಸಿಪಾಯಿಗಳ ಮನಸ್ಸು ಕುದಿಯಿತೆಂಬುದನ್ನು ಶಾಲೆಯ ಮಕ್ಕಳೂ ಹೇಳಬಲ್ಲರು. ಕಾಗದದ ತೋಟಾ ಒಂದೇ ಬಳಕೆಯದು. ಗುಂಡು ಹಾರಿದೊಡನೆ ಅದರ ಕಥೆ ಮುಗಿಯಿತು. 1866ರಲ್ಲಿ ಸ್ನೈಡರ್ ಬಂದೂಕಿನ ಜೊತೆಗೆ ಬಾಕ್ಸರ್ ಎಂಬ ಅಧಿಕಾರಿ ರೂಪಿಸಿದ ತೋಟಾ ಬಂತು. ತೆಳುವಾದ ಹಿತ್ತಾಳೆಯ ಹಾಳೆಯನ್ನು ಸುರುಳಿ ಸುತ್ತಿ ಮಾಡಿದ್ದು ಅದು. 1880ರ ದಶಕದ ಹೊತ್ತಿಗೆ ಸುರುಳಿ ಹೋಗಿ, ಒಂದೇ ಬಿಲ್ಲೆಯನ್ನು ಒತ್ತಿ ಎಳೆದು ಮಾಡಿದ ಗಟ್ಟಿ ಕೊಳವೆ ಬಳಕೆಗೆ ಬಂತು. ಇಂದಿಗೂ ಬಹುಪಾಲು ತೋಟಾಗಳ ಮೈ ಇದೇ.

ಬೇರೆ ಲೋಹಗಳನ್ನೆಲ್ಲ ಬಿಟ್ಟು ಹಿತ್ತಾಳೆಯನ್ನೇ ಏಕೆ ಆರಿಸಿದರು? ಮದ್ದು ಉರಿದಾಗ ಕೊಳವೆ ಉಬ್ಬಿ ಬಂದೂಕಿನ ಒಳಗೋಡೆಗೆ ಅಂಟಿಕೊಳ್ಳಬೇಕು. ಇಲ್ಲವಾದರೆ ಬೆಂಕಿಯ ಹಬೆ ಹಿಂದಕ್ಕೆ ನುಗ್ಗಿ ಹೊಡೆಯುವವನ ಮುಖಕ್ಕೇ ಬರುತ್ತದೆ. ಮರುಕ್ಷಣವೇ ಕೊಳವೆ ಸಡಿಲಗೊಂಡು ಸಲೀಸಾಗಿ ಹೊರಕ್ಕೆ ಬರಬೇಕು. ಹೀಗೆ ಉಬ್ಬಿ ಮತ್ತೆ ಕುಗ್ಗುವ ಗುಣ, ನೂರಕ್ಕೆ 70 ಭಾಗ ತಾಮ್ರ 30 ಭಾಗ ಸತು ಸೇರಿದ ಹಿತ್ತಾಳೆಗೆ ಚೆನ್ನಾಗಿ ಇದೆ. ಕೊಳವೆಯ ಬಾಯಿಯ ಬಳಿ ಲೋಹದ ದಪ್ಪ ಅರ್ಧ ಮಿಲಿಮೀಟರಿಗೂ ಕಡಿಮೆ. ಆ ತೆಳ್ಳನೆಯ ಗೋಡೆಯ ಮೇಲೆ ಎಷ್ಟು ಭಾರದ ಹೊಣೆ ಇದೆಯೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿರಿ.

ಕರಿಮದ್ದಿನ ಕಾಲದಲ್ಲಿ ತೊಳೆಯುವ ವಿಧಾನ ಸರಳವಾಗಿತ್ತು. ಕರಿಮದ್ದು ಉರಿದ ಮೇಲೆ ಉಳಿಯುವ ಮಸಿಯಲ್ಲಿ ಲವಣಗಳಿರುತ್ತವೆ. ಅವು ಗಾಳಿಯ ತೇವವನ್ನು ಹೀರಿಕೊಂಡು ಒಂದೆರಡು ದಿನದಲ್ಲೇ ಹಿತ್ತಾಳೆಗೆ ಹಸಿರು ಕಿಲುಬು ತರುತ್ತವೆ. ಆದ್ದರಿಂದ ಹೊಡೆದ ದಿನವೇ ಕೇಪು ತೆಗೆದು, ಸೋಪಿನ ಬಿಸಿನೀರಿನಲ್ಲಿ ಅದ್ದಿ, ಜಾಲಿಸಿ, ಒಣಗಿಸುವುದು ರೂಢಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಸೈನ್ಯ ಗುರಿ ಅಭ್ಯಾಸದ ಖರ್ಚು ಇಳಿಸಲೆಂದು ತನ್ನ ತುಕಡಿಗಳಿಗೆ ತೋಟಾ ಮತ್ತೆ ತುಂಬುವ ಉಪಕರಣಗಳನ್ನೇ ಕೊಟ್ಟಿತ್ತು. ಸಿಪಾಯಿ ಹೊಡೆದ ತೋಟಾಗಳನ್ನು ಸಿಪಾಯಿಯೇ ತೊಳೆಯುತ್ತಿದ್ದ. ಕರಿಮದ್ದಿಗೆ ನೀರೇ ಮದ್ದು ಎಂಬ ಮಾತು ಆಗ ನಿಜವಾಗಿತ್ತು.

ಹೊಗೆಯಿಲ್ಲದ ಮದ್ದು ಬಂದಾಗ ಎಲ್ಲವೂ ಇನ್ನಷ್ಟು ಸುಲಭವಾಯಿತೆಂದು ಜನ ತಿಳಿದರು. 1890ರ ದಶಕದಲ್ಲಿ ಕೊಳವೆಯೊಳಗೆ ಮಸಿಯೇ ಇಲ್ಲವೆನ್ನುವಷ್ಟು ಕಡಿಮೆ, ಹೊರಗೆ ಹೊಳಪು. ಆದರೆ ಹೀಗೆ ಶುಭ್ರವಾಗಿ ಕಾಣುವ ಕೊಳವೆಗಳೇ ಎರಡನೆಯ ಬಾರಿ ತುಂಬಿ ಹೊಡೆದಾಗ ಮಣ್ಣಿನ ಮಡಕೆಯಂತೆ ಒಡೆಯತೊಡಗಿದವು. ಕಾರಣ ಕೇಪಿನಲ್ಲಿತ್ತು. ಅಂದಿನ ಕೇಪಿನಲ್ಲಿ ಪಾದರಸದ ಸಂಯುಕ್ತವೊಂದಿತ್ತು. ಕರಿಮದ್ದಿನ ಕಾಲದಲ್ಲಿ ದಪ್ಪನೆಯ ಮಸಿ ಆ ಪಾದರಸವನ್ನು ತನ್ನಲ್ಲೇ ಹಿಡಿದಿಟ್ಟುಕೊಂಡು ನೀರಿನೊಡನೆ ಹೊರಹೋಗುತ್ತಿತ್ತು. ಮಸಿ ಇಲ್ಲವಾದಾಗ ಪಾದರಸ ನೇರವಾಗಿ ಹಿತ್ತಾಳೆಯೊಳಕ್ಕೆ ಇಳಿಯಿತು. ಪಾದರಸ ತಗುಲಿದ ಚಿನ್ನದ ಉಂಗುರ ಬೆಳ್ಳಗಾಗಿ ಪುಡಿಪುಡಿಯಾಗುವುದನ್ನು ಅಕ್ಕಸಾಲಿಗರು ಬಲ್ಲರು. ಹಿತ್ತಾಳೆಗೂ ಅದೇ ಗತಿ ಬಂತು. ಯಾವ ಹುಳಿಯಿಂದ ಉಜ್ಜಿದರೂ ಒಳಕ್ಕಿಳಿದ ಪಾದರಸ ಹೊರಬಾರದು. ಕೊನೆಗೆ ಬದಲಿಸಬೇಕಾದದ್ದು ಕೇಪಿನ ಮದ್ದನ್ನೇ. ತೊಳೆಯುವ ವಿಧಾನಕ್ಕೂ ಒಂದು ಎಲ್ಲೆಯಿದೆ, ಹೊಳಪಿನ ಹಿಂದೆ ಹುಳುಕು ಅಡಗಿರಬಹುದು ಎಂಬ ಮೊದಲ ಪಾಠ ಇದು.

ಎರಡನೆಯ ಪಾಠ ನಮ್ಮ ದೇಶದ್ದು. ಬ್ರಿಟಿಷರ ಸೇನೆಗೆ ಇಲ್ಲಿ ಮಳೆಗಾಲವೆಂದರೆ ಬಿಡುವಿನ ಕಾಲ. ದಂಡಯಾತ್ರೆ ನಿಲ್ಲುತ್ತಿತ್ತು. ತೋಟಾಗಳನ್ನು ತೇವ ತಾಕದಂತೆ ಮಾಡಿನ ಕೆಳಗೆ ಇಡಬೇಕಲ್ಲ, ಕುದುರೆ ಲಾಯಗಳಲ್ಲಿ ಇಟ್ಟರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ, ಯಾರೂ ಮುಟ್ಟದ, ಒಮ್ಮೆಯೂ ಹಾರಿಸದ ಹೊಸ ತೋಟಾಗಳು ಸೀಳಿದ್ದವು. ಅದರಲ್ಲೂ ಗುಂಡನ್ನು ಬಿಗಿಯಾಗಿ ಹಿಡಿದಿರುವ ಬಾಯಿಯ ಬಳಿ ಉದ್ದುದ್ದ ಬಿರುಕುಗಳು. ಪ್ರತಿ ಮಳೆಗಾಲವೂ ಇದೇ ಕಾಟ. ಕಾಲಕ್ಕೆ ತಕ್ಕಂತೆ ಬರುವ ಈ ರೋಗಕ್ಕೆ ಇಂಗ್ಲಿಷರು 'ಸೀಸನ್ ಕ್ರ್ಯಾಕಿಂಗ್' ಎಂದು ಹೆಸರಿಟ್ಟರು; ಋತುಬಿರುಕು ಎಂದು ನಾವು ಕರೆಯಬಹುದು.

ಇದರ ಗುಟ್ಟು ಸ್ಪಷ್ಟವಾದದ್ದು 1921ರಲ್ಲಿ. ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ವಿಜ್ಞಾನಿಗಳು ಕಾರಣವನ್ನು ತೋರಿಸಿಕೊಟ್ಟರು. ಕುದುರೆಯ ಗಂಜಳದಿಂದ ಅಮೋನಿಯಾ ಎಂಬ ಘಾಟಿನ ಅನಿಲ ಏಳುತ್ತದೆ. ಲಾಯದೊಳಗೆ ಕಾಲಿಟ್ಟೊಡನೆ ಮೂಗಿಗೆ ಹೊಡೆಯುವ ವಾಸನೆ ಅದೇ. ಇತ್ತ ತೋಟಾದ ಕೊಳವೆಯನ್ನು ತಣ್ಣಗಿರುವಾಗಲೇ ಒತ್ತಿ ಎಳೆದು ಮಾಡಿರುವುದರಿಂದ ಲೋಹದ ಒಳಗೇ ಒಂದು ಬಿಗಿತ ಉಳಿದಿರುತ್ತದೆ. ಬಿಗಿತ ಒಂದೇ ಇದ್ದರೆ ಕೊಳವೆ ಬಹುಕಾಲ ತಾಳುತ್ತದೆ. ಅಮೋನಿಯಾ ಒಂದೇ ಇದ್ದರೆ ಮೇಲ್ಮೈ ನೀಲಿ ಹಸಿರಾಗಿ ಕೆಡುತ್ತದೆ. ಎರಡೂ ತೇವದ ಗಾಳಿಯಲ್ಲಿ ಕೂಡಿದರೆ ಲೋಹದ ಕಣಕಣಗಳ ನಡುವೆ ಸೀಳು ಹುಟ್ಟುತ್ತದೆ. ಇದಕ್ಕೆ ಪರಿಹಾರವೆಂದರೆ ಕಾರ್ಖಾನೆಯಲ್ಲಿ ಕೊಳವೆ ತಯಾರಾದ ಮೇಲೆ ಅದನ್ನು ಹದವಾಗಿ ಕಾಯಿಸಿ ಬಿಗಿತ ಬಿಡಿಸುವುದು. ಸೈನ್ಯದ ಕೆಲವು ತೋಟಾಗಳ ಕತ್ತಿನ ಬಳಿ ನೀಲಿಯ ಛಾಯೆ ಕಾಣುವುದುಂಟಲ್ಲ, ಅದು ಹೀಗೆ ಕಾಯಿಸಿದ ಗುರುತು.

ಈ ಪರಿಹಾರದ ತತ್ತ್ವ ನಮ್ಮ ಕಂಚುಗಾರರಿಗೆ ಹೊಸತೇನಲ್ಲ. ಹಿತ್ತಾಳೆಯ ತಗಡನ್ನು ಬಡಿದು ಕೊಡ ಮಾಡುವಾಗ ಅವರು ಒಂದೇ ಸಮನೆ ಬಡಿಯುವುದಿಲ್ಲ. ಸ್ವಲ್ಪ ಬಡಿದು, ಲೋಹ ಪೆಡಸಾಯಿತೆಂದೊಡನೆ ಕುಲುಮೆಯಲ್ಲಿ ಕಾಯಿಸಿ ಮೆತ್ತಗೆ ಮಾಡಿಕೊಂಡು ಮತ್ತೆ ಬಡಿಯುತ್ತಾರೆ. ಹಾಗೆ ಮಾಡದಿದ್ದರೆ ಕೊಡ ಕೈಯಲ್ಲೇ ಬಿರಿಯುತ್ತದೆ. ಪ್ರಯೋಗಾಲಯದವರು ಕಾರಣ ಹೇಳಿದರು. ಕುಲುಮೆಯವರು ಕಾರ್ಯದಲ್ಲಿ ಅದನ್ನು ನಡೆಸಿಕೊಂಡು ಬಂದಿದ್ದರು.

ಓದುಗರೇ, ಋತುಬಿರುಕಿನ ಕಥೆ ತೊಳೆಯುವ ವಿಧಾನಕ್ಕೆ ಹೇಗೆ ಸಂಬಂಧಿಸುತ್ತದೆಂದು ಕೇಳಬಹುದು. ಹಿತ್ತಾಳೆಯನ್ನು ಕ್ಷಣದಲ್ಲಿ ಥಳಥಳಿಸುವಂತೆ ಮಾಡುವ ಡಬ್ಬಿಯ ಪಾಲಿಷುಗಳಲ್ಲಿ ಹಲವಕ್ಕೆ ಅಮೋನಿಯಾ ಸೇರಿರುತ್ತದೆ. 1905ರಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದ ಬ್ರಾಸೋ ಅಂಥದೇ. ಸಮವಸ್ತ್ರದ ಗುಂಡಿಗೆ, ಬೆಲ್ಟಿನ ಬಿಲ್ಲೆಗೆ, ಬಾಗಿಲಿನ ಹಿಡಿಗೆ ಅದು ಒಳ್ಳೆಯದೇ ಸರಿ. ಗುಂಡಿಯ ಮೇಲೆ ಯಾವ ಒತ್ತಡವೂ ಬೀಳದು. ತೋಟಾದ ಕೊಳವೆಗೆ ಮಾತ್ರ ಅದು ಲಾಯದ ಗಾಳಿಯನ್ನೇ ಡಬ್ಬಿಯಲ್ಲಿ ತಂದು ಸವರಿದಂತೆ. ಆದ್ದರಿಂದಲೇ ತೋಟಾ ಮತ್ತೆ ತುಂಬುವ ದೇಶಗಳ ಕೈಪಿಡಿಗಳು ಅಮೋನಿಯಾ ಬೆರೆತ ಯಾವ ಪಾಲಿಷನ್ನೂ ಬಳಸಬೇಡಿರೆಂದು ಎಚ್ಚರಿಸುತ್ತವೆ. ಹೊಳಪು ಬೇರೆ, ಬಲ ಬೇರೆ. ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಇನ್ನು ಹುಳಿಯ ವಿಚಾರ. ಹುಣಿಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲವಿದೆ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲವಿದೆ. ಎರಡೂ ಮೃದುವಾದ ಆಮ್ಲಗಳು. ಹಿತ್ತಾಳೆಯ ಮೇಲಿನ ಕಂದು ಪೊರೆಯನ್ನೂ ಕಿಲುಬನ್ನೂ ಅವು ಬೇಗ ಕರಗಿಸುತ್ತವೆ, ಕೆಳಗಿನ ಲೋಹದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಇಂದು ಪಾಶ್ಚಾತ್ಯ ದೇಶಗಳ ಗುರಿಕಾರರು ಬಿಸಿನೀರಿಗೆ ಒಂದು ಚಮಚ ಸಿಟ್ರಿಕ್ ಆಮ್ಲ ಹಾಕಿ ಕೊಳವೆಗಳನ್ನು ಕೆಲವು ನಿಮಿಷ ಅದ್ದುತ್ತಾರೆ. ನಮ್ಮ ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪೆಂದು ಕಟ್ಟಿಕೊಡುವ ಪುಡಿಯೇ ಅದು. ಕೂಡ್ಲಿಗಿಯ ಹಿತ್ತಿಲಿನ ವಿದ್ಯೆಗೂ ಅವರ ವಿದ್ಯೆಗೂ ಇಲ್ಲಿ ಹೆಚ್ಚಿನ ಅಂತರವಿಲ್ಲ.

ಆದರೆ ಹುಳಿಗೂ ಹೊತ್ತು ಗೊತ್ತು ಉಂಟು. ರಾತ್ರಿಯೆಲ್ಲ ಹುಳಿಯಲ್ಲಿ ಬಿಟ್ಟ ತಂಬಿಗೆ ಬೆಳಗ್ಗೆ ಹಳದಿಯ ಬದಲು ಕೆಂಪಾಗಿ ತೋರುವುದನ್ನು ನೀವು ಕಂಡಿರಬಹುದು. ಹೆಚ್ಚು ತೊಳೆದದ್ದರ ಫಲವೆಂದು ಸಂತೋಷಪಡಬೇಡಿ. ಹಿತ್ತಾಳೆಯೊಳಗಿನ ಸತು ಹುಳಿಗೆ ಹೋಗಿ ಮೇಲ್ಮೈಯಲ್ಲಿ ತಾಮ್ರ ಮಾತ್ರ ಉಳಿಯಿತೆಂಬುದರ ಸೂಚನೆ ಅದು. ತಂಬಿಗೆಗೆ ಇದರಿಂದ ಹೆಚ್ಚಿನ ಕೇಡಿಲ್ಲ, ಉಜ್ಜಿದರೆ ಹೋದೀತು. ಅರ್ಧ ಮಿಲಿಮೀಟರಿನ ಗೋಡೆಗೆ ಆ ಕೆಂಪು ಅಪಾಯದ ಬಣ್ಣ. ಶೌಚಾಲಯ ತೊಳೆಯುವ ಕಟುವಾದ ಆಸಿಡ್ಡನ್ನು ಕೆಲವರು ಪೂಜೆಯ ಪಾತ್ರೆಗಳಿಗೂ ಹಾಕುವುದುಂಟು. ಅದು ಪೊರೆಯನ್ನೂ ಲೋಹವನ್ನೂ ಕೂಡಿಯೇ ತಿನ್ನುತ್ತದೆ. ಅಜ್ಜಿಯ ಕಾಲದ ದೀಪದ ಕಂಬದ ನಯವಾದ ಕೆತ್ತನೆ ಹಾಗೆ ಕರಗಿಹೋದರೆ ಮತ್ತೆ ಬಾರದು.

ಬೂದಿ ಮತ್ತು ಇಟ್ಟಿಗೆಪುಡಿಗಳ ಮಾತೇನು? ಬೂದಿಯಲ್ಲಿ ಕ್ಷಾರವಿದೆ, ಅದು ಜಿಡ್ಡನ್ನು ಬಿಡಿಸುತ್ತದೆ. ಇಟ್ಟಿಗೆಪುಡಿಯಾದರೋ ಕೆರೆಯುತ್ತದೆ, ಕೆರೆದಾಗಲೆಲ್ಲ ಲೋಹ ಸವೆಯುತ್ತದೆ. ಮೂರು ತಲೆಮಾರು ಉಜ್ಜಿದ ಕೊಡದ ಕಂಠ ತೆಳುವಾಗಿ ತೂತು ಬೀಳುವುದು ಅದರಿಂದಲೇ. ಹುಣಿಸೆಗೆ ಉಪ್ಪು ಬೆರೆಸಿದರೆ ಕೆಲಸ ಬೇಗ ಆಗುತ್ತದೆ; ಆದರೆ ಉಪ್ಪಿನ ಅಂಶ ಉಳಿದರೆ ತೇವ ಹೀರಿ ಎರಡೇ ದಿನದಲ್ಲಿ ಹಸಿರು ಹತ್ತುತ್ತದೆ. ಯಾವ ಹುಳಿಯೇ ಆಗಲಿ, ಎರಡು ಮೂರು ನೀರಿನಲ್ಲಿ ಜಾಲಿಸದೆ ಬಿಡಬಾರದು. ನಮ್ಮ ಕಡೆಯ ಕೊಳವೆಬಾವಿಯ ಸವುಳು ನೀರಾದರೆ ಒಣಗಿದ ಮೇಲೆ ಬಿಳಿಯ ಕಲೆ ನಿಲ್ಲುತ್ತದೆ. ಕೊನೆಯ ನೀರು ಮಳೆನೀರಾದರೆ ಒಳ್ಳೆಯದು, ಇಲ್ಲವಾದರೆ ಒಡನೆಯೇ ಬಟ್ಟೆಯಿಂದ ಒರೆಸಬೇಕು.

ನೀರೇ ಬೇಡವೆನ್ನುವವರು ಕಂಡುಕೊಂಡದ್ದು ಉರುಳಿಸುವ ವಿಧಾನ. ಒಂದು ಪೀಪಾಯಿಯಲ್ಲಿ ಹೊಟ್ಟನ್ನು ತುಂಬಿ ಕೊಳವೆಗಳನ್ನು ಹಾಕಿ ಗಂಟೆಗಟ್ಟಲೆ ತಿರುಗಿಸಿದರೆ ಹೊಟ್ಟು ಮೆಲ್ಲಗೆ ಉಜ್ಜಿ ಮಸಿ ತೆಗೆಯುತ್ತದೆ. ಈ ಕೆಲಸಕ್ಕೆ ಅಮೆರಿಕದವರು ಪುಡಿಮಾಡಿದ ಅಕ್ರೋಟಿನ ಚಿಪ್ಪನ್ನೂ, ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡನ್ನೂ ಬಳಸುತ್ತಾರೆ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳ ಹೊಲದ ಬದುವಿನಲ್ಲಿ ಒಲೆಗೆಂದು ರಾಶಿ ಹಾಕುವ ಬೆಂಡು ಅಲ್ಲಿ ಚೀಲ ಕಟ್ಟಿ ಮಾರುವ ಸರಕು! ಇತ್ತೀಚಿನ ವರ್ಷಗಳಲ್ಲಿ ತುಕ್ಕು ಹಿಡಿಯದ ಉಕ್ಕಿನ ಸಣ್ಣ ಸೂಜಿಗಳೊಡನೆ ಸೋಪುನೀರಿನಲ್ಲಿ ಉರುಳಿಸುವ ಪದ್ಧತಿಯೂ, ಕಿವಿಗೆ ಕೇಳಿಸದ ಶಬ್ದತರಂಗಗಳಿಂದ ನೀರನ್ನು ನಡುಗಿಸಿ ತೊಳೆಯುವ ಯಂತ್ರವೂ ಬಂದಿವೆ.

ಒಣ ಹೊಟ್ಟಿನ ವಿಧಾನಕ್ಕೆ ಒಂದು ದೊಡ್ಡ ದೋಷವಿದೆ. ಅದನ್ನು ಮನೆಮಂದಿ ಎಲ್ಲರೂ ತಿಳಿದಿರಬೇಕು. ಪಾದರಸ ಬಿಟ್ಟ ಮೇಲೆ ಇಪ್ಪತ್ತನೆಯ ಶತಮಾನದಲ್ಲಿ ಕೇಪುಗಳಿಗೆ ಸೀಸದ ಸಂಯುಕ್ತ ಬಂತು. ಸುಟ್ಟ ಕೊಳವೆಯೊಳಗಿನ ಮಸಿಯಲ್ಲಿ ಆ ಸೀಸ ಉಳಿಯುತ್ತದೆ. ಹೊಟ್ಟಿನಲ್ಲಿ ಉರುಳಿಸಿದಾಗ ಅದು ನುಣ್ಣನೆಯ ಧೂಳಾಗಿ ಗಾಳಿಗೆ ಏಳುತ್ತದೆ, ಉಸಿರಿನೊಡನೆ ಒಳಕ್ಕೆ ಹೋಗುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ವಿಷ. ತಿಳಿದವರು ಹೊಟ್ಟನ್ನು ಮನೆಯೊಳಗೆ ಸೋಸುವುದಿಲ್ಲ, ನೀರಿನ ವಿಧಾನವನ್ನೇ ಮೆಚ್ಚುತ್ತಾರೆ, ಆ ನೀರನ್ನೂ ಪಾತ್ರೆ ತೊಳೆಯುವ ಜಾಗದಲ್ಲಿ ಚೆಲ್ಲುವುದಿಲ್ಲ. ಮೈದಾನದಲ್ಲೋ ಗುಡ್ಡದಲ್ಲೋ ಸಿಕ್ಕ ಖಾಲಿ ತೋಟಾವನ್ನು ಮಕ್ಕಳು ಸೀಟಿಯೆಂದು ಬಾಯಿಗಿಟ್ಟು ಊದುವುದುಂಟು. ಅದನ್ನು ಕಂಡರೆ ಒಡನೆ ಕಿತ್ತುಕೊಂಡು ಕೈ ಬಾಯಿ ತೊಳೆಸಿರಿ.

ಇನ್ನೊಂದು ಎಚ್ಚರಿಕೆ ಒಣಗಿಸುವುದರ ಬಗ್ಗೆ. ಬೇಗ ಒಣಗಲೆಂದು ಕೊಳವೆಗಳನ್ನು ಕೆಂಡದ ಮೇಲೆ ಹಾಕಿದರೆ ಬುಡದ ಗಟ್ಟಿತನವೆಲ್ಲ ಹೋಗಿ ಲೋಹ ಮೇಣದಂತಾಗುತ್ತದೆ. ಕತ್ತು ಮೆತ್ತಗಿರಬೇಕು, ಬುಡ ಗಟ್ಟಿಯಾಗಿರಬೇಕು. ಬುಡವೂ ಮೆತ್ತಗಾದ ಕೊಳವೆ ಬಂದೂಕಿನೊಳಗೆ ಹರಿದು ಹೋಗುತ್ತದೆ. ಕೊಡ ಒಣಗುವ ಬಿಸಿಲೇ ಕೊಳವೆಗೂ ಸಾಕು.

ಇಷ್ಟೆಲ್ಲ ಓದಿ ಯಾರಾದರೂ ಸಿಕ್ಕ ಕೊಳವೆಗೆ ಮದ್ದು ತುಂಬಲು ಹೊರಟಾರೆಂಬ ಅಂಜಿಕೆಯಿಂದ ಒಂದು ಮಾತು ಸೇರಿಸುತ್ತೇನೆ. ನಮ್ಮ ದೇಶದಲ್ಲಿ ಇದು ಮನೆಯ ಕಸುಬಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮಿನಂತೆ ಮದ್ದುಗುಂಡು ತಯಾರಿಸುವುದಕ್ಕೆ ಲೈಸೆನ್ಸು ಬೇಕು. ಹಂದಿ ಕರಡಿಗಳ ಕಾಟಕ್ಕೆ ಬೆಳೆ ಕಾಯಲು ಕೋವಿಯ ಲೈಸೆನ್ಸು ಪಡೆದ ರೈತನಿಗೂ ಅದರಿಂದ ತೋಟಾ ತುಂಬುವ ಹಕ್ಕು ತಾನಾಗಿ ಬರುವುದಿಲ್ಲ. ನಮ್ಮ ಪಾಲಿಗೆ ಈ ಚರಿತ್ರೆಯ ಪ್ರಯೋಜನ ಬೇರೆ. ಅದು ನಮ್ಮ ಮನೆಯ ಹಿತ್ತಾಳೆಗೂ ಸಲ್ಲುವ ವಿವೇಕ.

ಆ ವಿವೇಕವನ್ನು ಮೂರು ಪ್ರಶ್ನೆಗಳಲ್ಲಿ ಹೇಳಬಹುದು. ತೊಳೆಯುವ ಮೊದಲು, ಇದಕ್ಕೆ ಅಂಟಿರುವ ಕೊಳೆ ಯಾವುದು ಎಂದು ಕೇಳಿಕೊಳ್ಳಿ: ಜಿಡ್ಡಾದರೆ ಬೂದಿ ಅಥವಾ ಸೋಪು, ಕಿಲುಬಾದರೆ ಹುಳಿ, ಮಸಿಯಾದರೆ ಬಿಸಿನೀರು. ಆಮೇಲೆ, ಈ ವಸ್ತುವಿನ ಕೆಲಸವೇನು ಎಂದು ನೋಡಿ: ಗುಂಡಿಗೆ ಬರಿ ಹೊಳಪು ಸಾಕು, ಒತ್ತಡ ತಾಳುವ ವಸ್ತುವಿಗೆ ಬಲ ಮುಖ್ಯ. ಕೊನೆಗೆ, ತೊಳೆದಾದ ಮೇಲೆ ಇದರ ಮೇಲೆ ಏನು ಉಳಿಯುತ್ತದೆ ಎಂದು ಯೋಚಿಸಿ. ಉಪ್ಪು, ಅಮೋನಿಯಾ, ಹುಳಿ, ಸೀಸದ ಧೂಳು, ಇವುಗಳಲ್ಲಿ ಯಾವುದೂ ಉಳಿಯದ ವಿಧಾನವೇ ಒಳ್ಳೆಯ ವಿಧಾನ. ಎಲ್ಲಕ್ಕಿಂತ ಹೆಚ್ಚು ಹೊಳೆಯುವುದು ಯಾವುದೆಂಬ ಪ್ರಶ್ನೆ ಈ ಮೂರರ ನಂತರ ಬರಬೇಕಾದದ್ದು.

ಲಾಯದಲ್ಲಿ ಸೀಳಿದ ತೋಟಾಗಳ ಕಾರಣ ತಿಳಿಯುವುದಕ್ಕೆ ವಿಜ್ಞಾನಿಗಳಿಗೆ 1921ರವರೆಗೆ ಬೇಕಾಯಿತು. ತೆಳು ಹುಳಿ, ಮೆದು ಕೈ, ತುಂಬ ನೀರು, ಒಳ್ಳೆಯ ಬಿಸಿಲು ಎಂಬ ನಾಲ್ಕು ಸೂತ್ರಗಳನ್ನು ನಮ್ಮ ಹೆಣ್ಣುಮಕ್ಕಳು ಯಾವ ಪುಸ್ತಕವನ್ನೂ ನೋಡದೆ ಪಾಲಿಸಿಕೊಂಡು ಬಂದರು. ಅವರ ಕೊಡಗಳು ಮೂರು ತಲೆಮಾರು ನೀರು ಹೊತ್ತವು. ಈ ಸಾರಿ ಹಬ್ಬಕ್ಕೆ ಪಾತ್ರೆ ತೊಳೆಯಲು ಕುಳಿತಾಗ, ಅಂಗಡಿಯ ಡಬ್ಬಿಗೆ ಕೈ ನೀಡುವ ಮೊದಲು ಅದರ ಮೇಲಿನ ಚೀಟಿಯನ್ನೊಮ್ಮೆ ಓದಿ ನೋಡಿರಿ.